ಮಡಿಸಿದರೆ ಮುಷ್ಟಿ, ಬಿಡಿಸಿದರೆ ಚೀಲ

ಪ್ರವಾಸವನ್ನು ಕುರಿತು ಬರೆಯುವವರು ಊರನ್ನು ವರ್ಣಿಸುತ್ತಾರೆ, ದಾರಿಯನ್ನು ವರ್ಣಿಸುತ್ತಾರೆ, ಬೆಟ್ಟ ಹೊಳೆಗಳನ್ನು ವರ್ಣಿಸುತ್ತಾರೆ. ಪ್ರವಾಸಿಯ ಬೆನ್ನ ಮೇಲಿರುವ ಚೀಲವನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಚೀಲವೂ ಬರೆಯತಕ್ಕ ವಸ್ತುವೇ ಎಂದು ಕೇಳುವವರಿರಬಹುದು. ಆದರೆ ಬೆಳಗಿನಿಂದ ಸಂಜೆಯವರೆಗೆ ನಮ್ಮೊಡನೆ ಬರುವುದು ಅದೊಂದೇ ಅಲ್ಲವೇ? ಬೆಟ್ಟ ಅರ್ಧ ಗಂಟೆ ಕಾಣುತ್ತದೆ, ಹೊಳೆ ಹತ್ತು ನಿಮಿಷ ಕಾಣುತ್ತದೆ. ಚೀಲದ ಪಟ್ಟಿಯೋ ದಿನವಿಡೀ ಹೆಗಲನ್ನು ಒತ್ತುತ್ತಲೇ ಇರುತ್ತದೆ. ಚೀಲ ಒಳ್ಳೆಯದಾದರೆ ಅದರ ನೆನಪೇ ಬಾರದು. ಕೆಟ್ಟದಾದರೆ ನೋಡಿದ ಬೆಟ್ಟದ ನೆನಪೂ ಉಳಿಯದು. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ಇಲ್ಲಿ ನಾವು ಎಂದರೆ ಮೂವರು: ಗಣಿತ ಕಲಿಸುವ ಮಾಸ್ಟ್ರು, ಅವರ ಪತ್ನಿಯಾದ ವಿಜ್ಞಾನದ ಟೀಚರು, ಮತ್ತು ಕನ್ನಡ ಪಂಡಿತರು. ಮೂವರೂ ಕಾಸರಗೋಡು ಕಡೆಯ ಒಂದೇ ಕನ್ನಡ ಮಾಧ್ಯಮ ಶಾಲೆಯವರು. ಒಂದು ಓಣಂ ರಜೆಯಲ್ಲಿ ಐದು ದಿನಗಳ ಮಟ್ಟಿಗೆ ವಯನಾಡಿಗೆ ಹೋಗಿಬರುವುದೆಂದು ನಿಶ್ಚಯಿಸಿದೆವು. ಮುಂದಿನ ವರ್ಷ ಮಕ್ಕಳನ್ನು ಅಲ್ಲಿಗೆ ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯಬೇಕೆಂಬ ಯೋಚನೆಯಿತ್ತು. ಅದಕ್ಕೆ ಮುಂಚೆ ದಾರಿ, ಉಳಿಯುವ ಜಾಗ, ತಗಲುವ ವೆಚ್ಚ ಇವನ್ನೆಲ್ಲ ಕಣ್ಣಾರೆ ಕಂಡು ಬರಬೇಕಾಗಿತ್ತು. ಅದೇ ದಿನಗಳಲ್ಲಿ ಇನ್ನೊಂದು ಕೆಲಸವೂ ಕೂಡಿಬಂತು. ಶಾಲೆಯ ಮಕ್ಕಳ ವಾರ್ಷಿಕ ಸಂಚಿಕೆಗೆಂದು ನಲವತ್ತು ಮಂದಿ ಮಕ್ಕಳು ಬರೆದ ಕಥೆ, ಕವನ, ಅಜ್ಜಿಯಿಂದ ಕೇಳಿ ಬರೆದುಕೊಂಡ ಗಾದೆ, ಒಗಟುಗಳನ್ನು ಬೆರಳಚ್ಚು ಮಾಡಿ ಲ್ಯಾಪ್‌ಟಾಪಿನಲ್ಲಿ ಇರಿಸಿದ್ದೆವು. ಪುಟಗಳನ್ನು ತಿದ್ದಿ ಜೋಡಿಸುವ ಕೆಲಸ ಬಾಕಿಯಿತ್ತು. ರಜೆ ಮುಗಿದೊಡನೆ ಅಚ್ಚಿಗೆ ಕೊಡಬೇಕು. ಹೀಗಾಗಿ ಲ್ಯಾಪ್‌ಟಾಪ್ ನಮ್ಮೊಡನೆ ಬರಲೇಬೇಕಾಯಿತು.

ವಯನಾಡು ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ. ನಮ್ಮ ಕಡೆಯಿಂದ ಹೋಗುವವರು ಕಲ್ಲಿಕೋಟೆಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ತಾಮರಶ್ಶೇರಿ ಘಾಟಿಯ ಒಂಬತ್ತು ಬಳಸು ತಿರುವುಗಳನ್ನು ಏರಬೇಕು. ಬಟ್ಟೆಬರೆಯ ದೊಡ್ಡ ಚೀಲವನ್ನು ಕಲ್ಪೆಟ್ಟದ ವಸತಿಗೃಹದಲ್ಲಿ ಇಟ್ಟುಬಿಡಬಹುದು. ಆದರೆ ದಿನವೂ ಹೊರಗೆ ಹೋಗುವಾಗ? ನೀರು, ಕೊಡೆ, ಪುಸ್ತಕ, ತಿಂಡಿ, ಬೇಕಾದಾಗ ಲ್ಯಾಪ್‌ಟಾಪ್, ಇಷ್ಟನ್ನೂ ಹೊರುವುದಕ್ಕೆ ಇನ್ನೊಂದು ಚೀಲ ಬೇಕು. ಎರಡು ಚೀಲಗಳನ್ನು ಹೊತ್ತು ರೈಲು ಹತ್ತುವುದೂ, ಬಸ್ಸಿನಲ್ಲಿ ನುಗ್ಗುವುದೂ ಎಷ್ಟು ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು.

ಈ ಎರಡನೆಯ ಚೀಲ ಯಾವುದಾಗಬೇಕೆಂಬ ವಿಷಯದಲ್ಲಿ ನಮ್ಮ ಮೂವರಲ್ಲಿ ಮೂರು ಮತಗಳಿದ್ದವು. ಮಾಸ್ಟ್ರು ಗಟ್ಟಿ ಚೀಲದ ಪಕ್ಷ. ದಪ್ಪ ಬಟ್ಟೆ, ಬೆನ್ನಿಗೆ ಮೆತ್ತೆ, ಲ್ಯಾಪ್‌ಟಾಪಿಗೆಂದೇ ಒಳಗೊಂದು ಕೋಣೆ, ಇವೆಲ್ಲ ಇರುವ ಚೀಲವನ್ನು ಅವರು ದಿನವೂ ಶಾಲೆಗೆ ಒಯ್ಯುತ್ತಾರೆ. ಪಂಡಿತರು ಖಾದಿಯ ಜೋಳಿಗೆಯ ಪಕ್ಷ. ಮಡಿಸಬಹುದು, ಒಗೆಯಬಹುದು, ಹರಿದರೆ ಹೊಲಿಯಬಹುದು ಎಂಬುದು ಅವರ ವಾದ. ಟೀಚರು ಮಾತ್ರ, ಈಚಿನ ವರ್ಷಗಳಲ್ಲಿ ಪೇಟೆಗೆ ಬಂದಿರುವ ಮಡಿಸುವ ಬೆನ್ನುಚೀಲವನ್ನು ನೋಡೋಣವೆಂದರು. ಬಿಡಿಸಿದಾಗ ಅದು ಹದಿನೆಂಟು ಇಪ್ಪತ್ತು ಲೀಟರು ಹಿಡಿಯುವ ಚೀಲ. ಮಡಿಸಿ ತನ್ನದೇ ಜೇಬಿನೊಳಗೆ ತುರುಕಿದರೆ ದೊಡ್ಡ ಮುಷ್ಟಿಯಷ್ಟಾಗುತ್ತದೆ. ದೊಡ್ಡ ಚೀಲದ ಮೂಲೆಯಲ್ಲಿ ಒಂದು ಜೊತೆ ಕಾಲುಚೀಲದಂತೆ ಬಿದ್ದಿರುತ್ತದೆ.

“ಟೀಚರೇ, ಅದು ಪತಂಗದ ರೆಕ್ಕೆಯಷ್ಟು ತೆಳು. ಅದರೊಳಗೆ ಲ್ಯಾಪ್‌ಟಾಪನ್ನು ಹೇಗೆ ಇಡುವುದು?” ಎಂದು ಪಂಡಿತರು ಕೇಳಿದರು.

“ಪಂಡಿತರೇ, ನಿಮ್ಮ ಜೋಳಿಗೆಯಲ್ಲಿ ಹೇಗೆ ಇಡುತ್ತೀರೋ ಹಾಗೆಯೇ,” ಎಂದು ಟೀಚರು ಉತ್ತರಿಸಿದರು. “ಕಾಪಾಡುವ ಕೆಲಸ ಚೀಲದ್ದಲ್ಲ, ಒರೆಯದು. ಚೀಲದ ಕೆಲಸ ಹೊರುವುದಷ್ಟೇ.”

ಈ ಒಂದು ಮಾತಿನಿಂದ ನಮ್ಮ ಚರ್ಚೆಯ ದಿಕ್ಕೇ ಬದಲಾಯಿತು. ಗಟ್ಟಿ ಚೀಲದಲ್ಲಿ ಹೊರುವುದೂ ಕಾಪಾಡುವುದೂ ಒಂದರಲ್ಲೇ ಬೆಸೆದುಕೊಂಡಿವೆ. ಲ್ಯಾಪ್‌ಟಾಪ್ ಒಳಗಿಲ್ಲದ ದಿನವೂ ಆ ಮೆತ್ತೆಯ ಭಾರವನ್ನು ಹೊರಲೇಬೇಕು. ಮಡಿಸುವ ಚೀಲದಲ್ಲಿ ಇವೆರಡೂ ಬೇರೆ ಬೇರೆ. ಲ್ಯಾಪ್‌ಟಾಪಿಗೆ ಮೆತ್ತೆಯ ಒರೆಯೊಂದನ್ನು ಬೇರೆಯಾಗಿ ತೊಡಿಸಿ, ಬೇಕಾದಾಗ ಒರೆಸಹಿತ ಚೀಲಕ್ಕೆ ಇಳಿಸಬಹುದು. ಬೇಡವಾದ ದಿನ ಎರಡನ್ನೂ ವಸತಿಯಲ್ಲೇ ಬಿಡಬಹುದು. ಜೋಳಿಗೆಗೂ ಈ ಗುಣವುಂಟು. ಆದರೆ ಅದು ಭಾರವನ್ನೆಲ್ಲ ಒಂದೇ ಹೆಗಲಿಗೆ ಹೇರುತ್ತದೆ, ಮಳೆಗೆ ತೊಯ್ದರೆ ನೀರು ಕುಡಿದು ಇನ್ನಷ್ಟು ಭಾರವಾಗುತ್ತದೆ. ಓಣಂ ಕಾಲದಲ್ಲಿ ವಯನಾಡಿಗೆ ಹೋಗುವವರು ಮಳೆಯನ್ನು ಮರೆಯುವಂತಿಲ್ಲ. ಪಂಡಿತರು ತಮ್ಮ ಪಕ್ಷವನ್ನು ಬಿಟ್ಟುಕೊಡದಿದ್ದರೂ, ಪೇಟೆಗೆ ಜೊತೆಯಲ್ಲಿ ಬಂದರು.

ಕೊಳ್ಳುವಾಗ ನಾವು ನೋಡಿದ ಸಂಗತಿಗಳನ್ನು ಕ್ರಮವಾಗಿ ಹೇಳುವುದು ವಾಚಕರಿಗೆ ಉಪಯೋಗವಾದೀತು. ಮೊದಲನೆಯದು ಅಳತೆ. ಹದಿನಾಲ್ಕು ಇಂಚಿನ ಲ್ಯಾಪ್‌ಟಾಪ್ ಎಂದರೆ ಅದರ ಉದ್ದವೂ ಅಲ್ಲ, ಅಗಲವೂ ಅಲ್ಲ. ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣದ ಅಳತೆ. ಆ ಸಂಖ್ಯೆಯೊಂದನ್ನೇ ನಂಬಿ ಚೀಲ ಕೊಳ್ಳುವುದು, ಮೈಯ ಅಳತೆ ಕೊಡದೆ ಅಂಗಿ ಹೊಲಿಸಿದಂತೆ. ಒರೆ ತೊಡಿಸಿದ ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ದು, ಚೀಲದೊಳಗೆ ಇಳಿಸಿ, ಜಿಪ್ಪು ಎಳೆದು ನೋಡುವುದೇ ಸರಿಯಾದ ಕ್ರಮ. ಮೂಲೆಗಳು ಬಟ್ಟೆಯನ್ನು ಒತ್ತಿ ಬಿಗಿಯುವಂತಿದ್ದರೆ ಆ ಚೀಲ ಬೇಡ. ಬಟ್ಟೆ ಸವೆಯುವುದೂ ಹರಿಯುವುದೂ ಅಂಥ ಮೂಲೆಗಳಲ್ಲೇ.

ಎರಡನೆಯದು ಬಟ್ಟೆ. ಈ ಚೀಲಗಳು ಬಹುಮಟ್ಟಿಗೆ ನೈಲಾನಿನವು. 1935ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಮೊದಲು ತಯಾರಾದ ಈ ನೂಲು ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟುಗಳಿಗೆ ಬಳಕೆಯಾಯಿತು. ತೆಳುವಾಗಿಯೂ ಗಟ್ಟಿಯಾಗಿಯೂ ಇರುವುದು ಅದರ ಗುಣ. ಚೀಲದ ಚೀಟಿಯ ಮೇಲೆ ಡೆನಿಯರ್ ಎಂಬ ಅಳತೆಯನ್ನು ಬರೆದಿರುತ್ತಾರೆ. 9000 ಮೀಟರು ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. 30 ಡೆನಿಯರಿನ ಬಟ್ಟೆ ಅತಿ ಹಗುರ, ಆದರೆ ಬೇಲಿಯ ಮುಳ್ಳಿಗೆ ತಾಗಿದರೆ ಹರಿದೀತೆಂಬ ಭಯ. 70 ಅಥವಾ 100 ಡೆನಿಯರಿನದು ಸ್ವಲ್ಪ ತೂಕ ಹೆಚ್ಚಾದರೂ ಲ್ಯಾಪ್‌ಟಾಪ್ ಹೊರುವವರಿಗೆ ಧೈರ್ಯ ಕೊಡುತ್ತದೆ. ಕೆಲವು ಬಟ್ಟೆಗಳಲ್ಲಿ ಸಣ್ಣ ಸಣ್ಣ ಚೌಕುಳಿಗಳು ಕಾಣುತ್ತವೆ. ಅದು ಅಲಂಕಾರಕ್ಕಲ್ಲ. ಅಲ್ಲಲ್ಲಿ ದಪ್ಪ ಎಳೆಗಳನ್ನು ಸೇರಿಸಿ ನೇಯ್ದಿರುವುದರಿಂದ, ಒಂದು ಕಡೆ ತೂತಾದರೂ ಹರಕು ಮುಂದಿನ ದಪ್ಪ ಎಳೆಯ ಬಳಿ ತಡೆದು ನಿಲ್ಲುತ್ತದೆ. ಗದ್ದೆಯ ನೀರನ್ನು ಬದು ತಡೆದಂತೆ ಎಂದು ತಿಳಿಯಬಹುದು.

ಮೂರನೆಯದು ಹೊಲಿಗೆ. ಚೀಲದ ಪಟ್ಟಿ ಚೀಲಕ್ಕೆ ಸೇರುವ ಬುಡವನ್ನು ನೋಡಬೇಕು. ಅಲ್ಲಿ ಒಂದೇ ಸಾಲಿನ ಹೊಲಿಗೆಯಿದ್ದರೆ ಸಾಲದು. ಒತ್ತೊತ್ತಾಗಿ ಹಿಂದಕ್ಕೂ ಮುಂದಕ್ಕೂ ಹಾಕಿದ ಹೊಲಿಗೆಯಿರಬೇಕು. ಪಟ್ಟಿ ಮೂರು ಬೆರಳಿನಷ್ಟಾದರೂ ಅಗಲವಾಗಿರಲಿ; ಹುರಿಯಂಥ ಪಟ್ಟಿ ಅರ್ಧ ಗಂಟೆಯಲ್ಲಿ ಹೆಗಲನ್ನು ಕೊರೆಯುತ್ತದೆ. ಬದಿಯಲ್ಲಿ ನೀರಿನ ಸೀಸೆಗೆ ಆಳವಾದ ಜೇಬಿರಬೇಕು. ಸೀಸೆ ಒಳಗೆ ಲ್ಯಾಪ್‌ಟಾಪಿನ ಪಕ್ಕದಲ್ಲಿ ಕುಳಿತರೆ ಅಪಾಯ, ಆಳವಿಲ್ಲದ ಜೇಬಿನಲ್ಲಿಟ್ಟರೆ ಬಾಗಿದೊಡನೆ ಬಿದ್ದುಹೋಗುವುದು ಖಂಡಿತ. ಇನ್ನೊಂದು ಸಣ್ಣ ಸಂಗತಿ: ಚೀಲವನ್ನು ತುರುಕುವ ಜೇಬು ಚೀಲಕ್ಕೇ ಹೊಲಿದಿರಬೇಕು. ಬೇರೆ ಪುಟ್ಟ ಸಂಚಿಯೊಂದನ್ನು ಕೊಡುವ ಚೀಲಗಳೂ ಇವೆ. ಆ ಸಂಚಿ ಎರಡನೆಯ ಪ್ರವಾಸದ ಹೊತ್ತಿಗೆ ಮನೆಯಲ್ಲಿ ಸಿಗುವುದಿಲ್ಲ.

ಹೀಗೆ ನೋಡಿ 180 ಗ್ರಾಂ ತೂಗುವ ಚೀಲವೊಂದನ್ನು ಆರಿಸಿ ತಂದೆವು. ತಂದ ಮೇಲೆ ಟೀಚರು ಅದನ್ನು ಪರೀಕ್ಷೆಗೊಡ್ಡಿದರು. ಚೀಲದೊಳಗೆ ಹಳೆಯ ಪತ್ರಿಕೆಗಳನ್ನು ತುಂಬಿ, ಬಾಯಿ ಮುಚ್ಚಿ, ಅಂಗಳದ ಹಗ್ಗಕ್ಕೆ ತೂಗುಹಾಕಿ, ಮೇಲಿನಿಂದ ಎರಡು ಕೊಡ ನೀರನ್ನು ನಿಧಾನವಾಗಿ ಸುರಿದೆವು. ಬಿಚ್ಚಿ ನೋಡಿದಾಗ ಪತ್ರಿಕೆಯ ಮೇಲೆ ಒದ್ದೆಯ ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ಬಟ್ಟೆಯ ಮೂಲಕ ನೀರು ಬಂದಿರಲಿಲ್ಲ. ಜಿಪ್ಪಿನ ಉದ್ದಕ್ಕೂ, ಹೊಲಿಗೆಯ ಸೂಜಿತೂತುಗಳ ಸಾಲಿನಲ್ಲೂ ಇಳಿದಿತ್ತು. ನೀರನ್ನು ತಡೆಯುವ ಬಟ್ಟೆ ಬೇರೆ, ನೀರನ್ನು ತಡೆಯುವ ಚೀಲ ಬೇರೆ ಎಂಬುದು ಹೀಗೆ ಪ್ರತ್ಯಕ್ಷವಾಯಿತು. ಇದಕ್ಕೆ ಪರಿಹಾರ ಸುಲಭ. ದಪ್ಪ ಪ್ಲಾಸ್ಟಿಕಿನ ದೊಡ್ಡ ಚೀಲವೊಂದನ್ನು ಒಳಗೆ ಹಾಸಿ, ಒರೆ ತೊಟ್ಟ ಲ್ಯಾಪ್‌ಟಾಪನ್ನು ಅದರೊಳಗೆ ಇಳಿಸಿ, ಬಾಯನ್ನು ಎರಡು ಮೂರು ಸಲ ಸುರುಳಿ ಸುತ್ತಿ ಮಡಿಸುವುದು. ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದಾಗ ಪತ್ರಿಕೆ ಗರಿಗರಿಯಾಗಿಯೇ ಹೊರಬಂತು. ಶಾಲೆಯಲ್ಲಿ ಮಕ್ಕಳ ಕೈಯಿಂದಲೂ ಮಾಡಿಸಬಹುದಾದ ಪ್ರಯೋಗವಿದು.

ತೂಕದ ಲೆಕ್ಕ ಮಾಸ್ಟ್ರ ಪಾಲಿಗೆ ಬಂತು. ಲ್ಯಾಪ್‌ಟಾಪ್ 1400 ಗ್ರಾಂ, ಒರೆ 220, ಚಾರ್ಜರ್ 300, ನೀರು ತುಂಬಿದ ಸೀಸೆ 1100, ಕೊಡೆ 350, ಪುಸ್ತಕ ಲೇಖನಿ 250, ತಿಂಡಿಯ ಪೊಟ್ಟಣ 400, ಚೀಲ 180; ಒಟ್ಟು 4200 ಗ್ರಾಂ. ಅವರ ಗಟ್ಟಿ ಚೀಲವೊಂದೇ 1300 ಗ್ರಾಂ. ಅದಕ್ಕೆ ಬೇರೆ ಒರೆ ಬೇಡವೆಂದು ಬಿಟ್ಟರೂ ಒಟ್ಟು 5100 ಆಗುತ್ತದೆ. ವ್ಯತ್ಯಾಸ 900 ಗ್ರಾಂ. ಒಂದು ಲೀಟರು ನೀರಿಗೆ ಕೊಂಚ ಕಡಿಮೆ. “ಇದು ನನ್ನ ಪಕ್ಷಕ್ಕೆ ವಿರೋಧವಾದ ಲೆಕ್ಕ, ಆದರೂ ಲೆಕ್ಕ ಲೆಕ್ಕವೇ,” ಎಂದು ಮಾಸ್ಟ್ರು ಒಪ್ಪಿದರು.

ಹೆಗಲ ಭಾರದ ಲೆಕ್ಕ ನಮ್ಮಂಥ ಅಧ್ಯಾಪಕರಿಗೆ ಹೊಸದೇನಲ್ಲ. ಮೈಸೂರಿನಲ್ಲಿ ಬಾಳಿ ಬರೆದ ಆರ್. ಕೆ. ನಾರಾಯಣರು ರಾಜ್ಯಸಭೆಯ ಸದಸ್ಯರಾಗಿದ್ದಾಗ 1989ರಲ್ಲಿ ಮಾಡಿದ ಭಾಷಣದ ವಿಷಯವೇ ಶಾಲೆಯ ಮಕ್ಕಳ ಚೀಲದ ಹೊರೆ. ಮುಂದೆ ಪ್ರೊಫೆಸರ್ ಯಶಪಾಲರ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯನ್ನು ಕುರಿತು ವರದಿ ಕೊಟ್ಟಿತು. ಕೇಂದ್ರದ 2020ರ ಶಾಲಾಚೀಲ ನೀತಿಯಂತೆ ಮಗುವಿನ ಚೀಲ ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದು. 30 ಕಿಲೋ ತೂಗುವ ಬಾಲಕನ ಚೀಲ 3 ಕಿಲೋ ಮಾತ್ರ. ಪ್ರವಾಸಕ್ಕೆ ಬರುವ ಮಕ್ಕಳಿಗೂ ಇದೇ ಸೂತ್ರವನ್ನು ಅನ್ವಯಿಸಬೇಕೆಂದು ನಾವು ಅಲ್ಲಿಯೇ ಬರೆದಿಟ್ಟುಕೊಂಡೆವು. ಖಾಲಿ ಚೀಲವೇ ಒಂದು ಕಿಲೋ ಮೀರಿದರೆ, ಮಗು ಏನನ್ನೂ ತುಂಬಿಕೊಳ್ಳುವ ಮೊದಲೇ ತನ್ನ ಪಾಲಿನ ಮೂರನೆಯ ಒಂದು ಭಾಗ ಮುಗಿದುಹೋಗುತ್ತದೆ.

ಇಷ್ಟು ಸಿದ್ಧತೆಯಾದ ಮೇಲೆ ಹೊರಟೆವು. ಘಾಟಿಯ ತುದಿಯಲ್ಲಿರುವ ಲಕ್ಕಿಡಿ, ಕೇರಳದಲ್ಲಿ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲೊಂದು. ಅದು ತನ್ನ ಖ್ಯಾತಿಗೆ ತಕ್ಕಂತೆಯೇ ನಮ್ಮನ್ನು ಎದುರುಗೊಂಡಿತು. ಬಸ್ಸಿನ ಕಿಟಕಿಗಳನ್ನು ಮುಚ್ಚಿದರೂ ಎರಚಲು ಒಳಗೆ ಬಂತು. ಚೀಲ ಟೀಚರ ಮಡಿಲಲ್ಲಿತ್ತು. ಲ್ಯಾಪ್‌ಟಾಪಿರುವ ಚೀಲವನ್ನು ಬಸ್ಸಿನ ಮೇಲಿನ ಹಲಗೆಗೆ ಏರಿಸುವುದಾಗಲಿ ಕಾಲ ಬಳಿ ಇಡುವುದಾಗಲಿ ಸಲ್ಲದು. ತಿರುವಿನಲ್ಲಿ ಮೇಲಿನದು ಬೀಳುತ್ತದೆ, ಮಳೆಯಲ್ಲಿ ನೆಲ ಒದ್ದೆಯಾಗಿರುತ್ತದೆ. ಗಟ್ಟಿ ಚೀಲವಾಗಿದ್ದರೆ ಮಡಿಲಿನಲ್ಲಿ ಹಿಡಿಯುತ್ತಿರಲಿಲ್ಲ. ಬೆನ್ನಿಗೆ ಏರಿಸಿದಾಗಲೂ ಒಂದು ಗುಣ ಕಂಡೆವು. ಎಲುಬಿಲ್ಲದ ಈ ತೆಳು ಚೀಲ ಸಾಮಾನ್ಯವಾಗಿ ಮೂಟೆಯಂತೆ ಉಬ್ಬಿ ಬೆನ್ನಿಗೆ ಒತ್ತುತ್ತದೆ. ಲ್ಯಾಪ್‌ಟಾಪನ್ನು ಬೆನ್ನಿನ ಕಡೆಗೆ ಚಪ್ಪಟೆಯಾಗಿ ನಿಲ್ಲಿಸಿದರೆ ಅದೇ ಚೀಲಕ್ಕೆ ಹಲಗೆಯಾಗುತ್ತದೆ.

ಮರುದಿನ ಸುಲ್ತಾನ್ ಬತ್ತೇರಿಗೆ ಹೋದೆವು. ಕನ್ನಡಿಗರಿಗೆ ಆ ಊರಿನ ಹಳೆಯ ಹೆಸರೊಂದನ್ನು ಕೇಳಿದರೆ ಸಂತೋಷವಾದೀತು: ಹನ್ನೆರಡು ಬೀದಿ. ಜೈನರು ನೆಲೆಸಿದ್ದ ಹನ್ನೆರಡು ಬೀದಿಗಳಿಂದ ಬಂದ ಹೆಸರದು. ಅವರ ಕಲ್ಲಿನ ಬಸದಿ ಈಗಲೂ ಪೇಟೆಯ ನಡುವೆಯೇ ಇದೆ. ಟಿಪ್ಪುವಿನ ಕಾಲದಲ್ಲಿ ಅದು ಮದ್ದುಗುಂಡುಗಳ ಉಗ್ರಾಣವಾಯಿತು. ಆಂಗ್ಲರು ಸುಲ್ತಾನನ ಬ್ಯಾಟರಿ ಎಂದದ್ದು ಬತ್ತೇರಿಯಾಯಿತು. ಗುಂಡ್ಲುಪೇಟೆಯ ತರಕಾರಿಯೂ ಓಣಂ ಪೂಕಳಕ್ಕೆ ಬೇಕಾದ ಚೆಂಡುಹೂವೂ ಈ ದಾರಿಯಿಂದಲೇ ಕೇರಳಕ್ಕೆ ಬರುತ್ತವೆ. ಹೂವು ಮಾರಿ ಮುಗಿಸಿದ ಗುಂಡ್ಲುಪೇಟೆ ಕಡೆಯ ವೃದ್ಧ ರೈತರೊಬ್ಬರು ಬಸ್ ನಿಲ್ದಾಣದಲ್ಲಿ ನಮ್ಮ ಕನ್ನಡ ಕೇಳಿ ಬಳಿಗೆ ಬಂದರು. ಟೀಚರು ಜೇಬಿನಿಂದ ಚೀಲವನ್ನು ಬಿಡಿಸುತ್ತಿರುವುದನ್ನು ನೋಡಿ ಅವರಿಗೆ ಕುತೂಹಲವಾಯಿತು.

“ಏನವ್ವಾ ಇದು, ಅಷ್ಟುದ್ದದಿಂದ ಇಷ್ಟುದ್ದ ಬತ್ತದ?” ಎಂದರು.

“ಮಡಿಸುವ ಚೀಲ, ಯಜಮಾನರೇ. ಬೇಡವಾದಾಗ ಮಡಿಸಿ ಇಟ್ಟುಬಿಡಬಹುದು,” ಎಂದು ಟೀಚರು ವಿವರಿಸಿದರು.

ವೃದ್ಧರು ನಕ್ಕು ತಮ್ಮ ಹೆಗಲ ಮೇಲಿನ ವಸ್ತ್ರವನ್ನು ತೆಗೆದು, ಮೊಮ್ಮಕ್ಕಳಿಗೆಂದು ಕೊಂಡಿದ್ದ ಬಾಳೆಕಾಯಿ ಉಪ್ಪೇರಿಯ ಪೊಟ್ಟಣವನ್ನೂ ಒಂದು ಜೊತೆ ಚಪ್ಪಲಿಯನ್ನೂ ಅದರ ನಡುವೆ ಇಟ್ಟು, ನಾಲ್ಕು ಮೂಲೆಗಳನ್ನು ಎಳೆದು ಗಂಟು ಹಾಕಿದರು. “ನಮ್ದು ನೋಡಿ. ಹೆಗಲ ಮ್ಯಾಲಿದ್ರ ವಲ್ಲಿ, ತಲಗ ಸುತ್ತುದ್ರ ಪೇಟ, ಗಂಟು ಕಟ್ಟುದ್ರ ಚೀಲ. ಇದುಕ್ಕ ಜೇಬೇ ಬ್ಯಾಡ,” ಎಂದರು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಕಾಡಿನ ದಾರಿಯಲ್ಲಿ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿರುವುದರಿಂದ, ಹೊತ್ತಿಗೆ ಮುಂಚೆ ಊರು ಸೇರಬೇಕೆಂದು ಅವಸರದಿಂದ ಬಸ್ಸು ಹತ್ತಿದರು.

ಅವರು ಹೋದ ಮೇಲೆ ಪಂಡಿತರ ಮುಖ ಅರಳಿತು. ನಮ್ಮ ತುಳುನಾಡಿನ ಬೈರಾಸು ಇದೇ ಅಲ್ಲವೇ ಎಂದರು. ನಿಜ. ಬೆವರು ಒರೆಸುವ ಬೈರಾಸು ಸಂತೆಯಲ್ಲಿ ಚೀಲವಾಗುತ್ತದೆ, ಮನೆಗೆ ಬಂದ ಮೇಲೆ ಮತ್ತೆ ಹೆಗಲಿಗೆ ಏರುತ್ತದೆ. ಅಜ್ಜಂದಿರ ಎಲೆಯಡಕೆಯ ಸಂಚಿಯೂ ಹಾಗೆಯೇ: ಒಳಗೆ ಹಲವು ಅರೆಗಳು, ಸುತ್ತಿದರೆ ಸೊಂಟದಲ್ಲಿ ಅಡಗುವಷ್ಟು ಗಾತ್ರ. ಹೊರೆ ಇಳಿದ ಮೇಲೆ ಚೀಲವೇ ಹೊರೆಯಾಗಬಾರದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಪೇಟೆಯ ಹೊಸ ಚೀಲ ಆ ಹಳೆಯ ಜಾಣತನವನ್ನು ನೈಲಾನಿನಲ್ಲಿ ಹೊಲಿದಿದೆ, ಅಷ್ಟೇ. ಅಂದಿನಿಂದ ಪಂಡಿತರ ಬೈರಾಸು ನಮ್ಮ ಚೀಲದ ತಳವನ್ನು ಸೇರಿತು. ನಾಲ್ಕು ಮಡಿಕೆ ಮಾಡಿ ತಳದಲ್ಲಿ ಹಾಸಿ ಅದರ ಮೇಲೆ ಲ್ಯಾಪ್‌ಟಾಪನ್ನು ನಿಲ್ಲಿಸಿದರೆ, ಚೀಲವನ್ನು ನೆಲದ ಮೇಲೆ ಇಡುವಾಗ ಪೆಟ್ಟು ತಾಗುವುದಿಲ್ಲ. ಮಡಿಸುವ ಚೀಲಗಳ ದೊಡ್ಡ ಕೊರತೆಯೆಂದರೆ ಈ ತಳವೇ. ಆ ಕೊರತೆಯನ್ನು ತುಂಬಲು ಬೈರಾಸಿಗಿಂತ ಯೋಗ್ಯವಾದುದು ಬೇರೆ ಸಿಗಲಿಲ್ಲ.

ಮೂರನೆಯ ದಿನ ಮಳೆ ಬಿಡುವು ಕೊಟ್ಟಿತು. ಎಡಕಲ್ಲು ಗುಡ್ಡಕ್ಕೆ ಹೋಗುವುದೆಂದಾಯಿತು. ಭಾರತೀಸುತರ ಕಾದಂಬರಿಯಿಂದಲೂ, 1973ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಆಧರಿಸಿ ತೆಗೆದ ಚಿತ್ರದಿಂದಲೂ ಕನ್ನಡಿಗರಿಗೆ ಈ ಗುಡ್ಡದ ಹೆಸರು ಮನೆಮಾತು. ಎರಡು ಬಂಡೆಗಳ ಎಡೆಯಲ್ಲಿ ಸಿಕ್ಕಿಕೊಂಡಿರುವ ಕಲ್ಲಿನಿಂದ ಆ ಹೆಸರು. ಅಲ್ಲಿಯ ಗೋಡೆಗಳ ಮೇಲೆ ಶಿಲಾಯುಗದ ಜನ ಕೊರೆದ ಗೆರೆಗಳಿವೆ. 1890ರ ದಶಕದಲ್ಲಿ ಮಲಬಾರಿನ ಪೋಲೀಸು ಅಧಿಕಾರಿಯಾಗಿದ್ದ ಫಾಸೆಟ್ ಎಂಬವರಿಂದ ಹೊರಜಗತ್ತಿಗೆ ತಿಳಿದುಬಂದವು. ಏರುವಾಗ ಕಂಬಿ ಹಿಡಿಯುವುದಕ್ಕೆ ಎರಡು ಕೈಗಳೂ ಬೇಕಾಗುತ್ತವೆ. ಆ ದಿನ ನಾವು ಲ್ಯಾಪ್‌ಟಾಪನ್ನು ಒರೆಸಹಿತ ವಸತಿಗೃಹದಲ್ಲೇ ಬೀಗ ಹಾಕಿ ಇರಿಸಿ, ಚೀಲದಲ್ಲಿ ನೀರು, ಕೊಡೆ, ತಿಂಡಿ ಮಾತ್ರ ಒಯ್ದೆವು. ಚೀಲ ಎರಡು ಕಿಲೋ ಸುಮಾರಿಗೆ ಇಳಿಯಿತು. ಏನನ್ನು ಹೊರಬೇಕೆಂದು ಆರಿಸುವಷ್ಟೇ ಮುಖ್ಯ, ಏನನ್ನು ಹೊರಬಾರದೆಂದು ಆರಿಸುವುದು. ಹೊರೆಯೊಡನೆ ತಾನೂ ಕುಗ್ಗುವ ಚೀಲ ಆ ಆಯ್ಕೆಯನ್ನು ಪ್ರತಿ ಬೆಳಗೂ ಹೊಸದಾಗಿ ಮಾಡಿಸುತ್ತದೆ. ಗಟ್ಟಿ ಚೀಲವಾದರೆ ಹೇಗೂ ಕೋಣೆಯಿದೆಯಲ್ಲಾ ಎಂದು ತುಂಬಿಕೊಂಡೇ ಹೊರಡುತ್ತೇವೆ.

ಹೀಗೆಂದು ಮಡಿಸುವ ಚೀಲವೇ ಸರ್ವೋತ್ತಮವೆಂದು ವಾಚಕರು ಭಾವಿಸಬಾರದು. ವರ್ಷಪೂರ್ತಿ ದಿನವೂ ಶಾಲೆಗೆ ಲ್ಯಾಪ್‌ಟಾಪ್ ಒಯ್ಯುವವರಿಗೆ ಮಾಸ್ಟ್ರ ಗಟ್ಟಿ ಚೀಲವೇ ಸರಿ. ತೆಳು ಬಟ್ಟೆ ಅಷ್ಟು ದುಡಿಮೆಯನ್ನು ತಾಳದು. ಆರು ಏಳು ಕಿಲೋ ಹೊರಬೇಕಾದವರಿಗೂ ಇದು ತಕ್ಕುದಲ್ಲ. ಒದ್ದೆಯಾದ ಚೀಲವನ್ನು ಹಾಗೆಯೇ ಮಡಿಸಿ ಕಪಾಟಿನಲ್ಲಿ ಇಟ್ಟರೆ, ನಮ್ಮ ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುತ್ತದೆ; ಒಳಗಿನ ಲೇಪ ಕಾಲಕ್ರಮದಲ್ಲಿ ಅಂಟಂಟಾಗಿ ಸುಲಿದುಬರುತ್ತದೆ. ಪ್ರವಾಸ ಮುಗಿದ ಮೇಲೆ ನೆರಳಿನಲ್ಲಿ ಒಣಗಿಸಿ, ಮಡಿಸದೆ ಗೂಟಕ್ಕೆ ತೂಗುಹಾಕಿದರೆ ಬಹುಕಾಲ ಬಾಳುತ್ತದೆ.

ನಾಲ್ಕನೆಯ ದಿನ ವಸತಿಯಲ್ಲೇ ಕುಳಿತು ಮಕ್ಕಳ ಸಂಚಿಕೆಯ ಪುಟಗಳನ್ನು ಜೋಡಿಸಿದೆವು. ಕಿಟಕಿಯಿಂದ ಮೇಪ್ಪಾಡಿಯ ಕಡೆಗೆ ಹೋಗುವ ಬಸ್ಸುಗಳು ಕಾಣುತ್ತಿದ್ದವು. ಅತ್ತ ಹೋಗಬೇಕೆಂದು ನಮಗೆ ಅನಿಸಲಿಲ್ಲ. ಇನ್ನೊಬ್ಬರ ದುಃಖ ಪ್ರವಾಸಿಗಳ ನೋಟದ ವಸ್ತುವಾಗಬಾರದು. 2024ನೆಯ ಜುಲೈ 30ರ ಬೆಳಗಿನ ಜಾವ, ಆ ಕಡೆಯ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಬೆಟ್ಟ ಕುಸಿದು ನೂರಾರು ಜನ ಪ್ರಾಣ ಕಳೆದುಕೊಂಡರು. ವೆಳ್ಳಾರ್‌ಮಲ ಸರಕಾರಿ ಶಾಲೆ ಆ ಕೆಸರು ನೀರಿನ ದಾರಿಯಲ್ಲೇ ಇತ್ತು. ಶಾಲೆಯ ಕಟ್ಟಡಗಳು ಹಾಳಾದವು. ವಿದ್ಯಾರ್ಥಿಗಳಲ್ಲಿ ಹಲವರು ಮರಳಲಿಲ್ಲ. ಸೆಪ್ಟೆಂಬರ್ 2ರಂದು ಆ ಶಾಲೆಯ ತರಗತಿಗಳು ಮೇಪ್ಪಾಡಿಯಲ್ಲಿ ಮತ್ತೆ ಆರಂಭವಾದವು.

ಆ ಶಾಲೆಯ ಲಿಟ್ಲ್ ಕೈಟ್ಸ್ ಮಕ್ಕಳು ದುರಂತಕ್ಕೆ ಮುಂಚೆ ‘ವೆಳ್ಳಾರಂಕಲ್ಲುಗಳ್’ ಎಂಬ ಡಿಜಿಟಲ್ ಪತ್ರಿಕೆಯೊಂದನ್ನು ತಂದಿದ್ದರು. ಬೆಣಚುಕಲ್ಲುಗಳು ಎಂದು ಅದರ ಅರ್ಥ. ಅದರಲ್ಲಿ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಬರೆದ ಕಥೆಯಿದೆ: ಜಲಪಾತದ ಬಳಿಗೆ ಹೋದ ಮಕ್ಕಳಿಗೆ ಹಕ್ಕಿಯೊಂದು, ಇಲ್ಲಿ ಅಪಾಯ ಬರಲಿದೆ, ಬೇಗ ಹೊರಟುಹೋಗಿ ಎಂದು ಎಚ್ಚರಿಸುತ್ತದೆ. ದುರಂತದ ನಂತರ ಕೇರಳದ ಉದ್ದಗಲಕ್ಕೂ ಜನ ಆ ಕಥೆಯನ್ನು ಓದಿದರು. ಓದಲು ಸಾಧ್ಯವಾಗಿದ್ದು ಹೇಗೆ? ಶಾಲೆಯ ಕೋಣೆಯ ಒಂದೇ ಯಂತ್ರದಲ್ಲಿ ಆ ಬರಹ ಉಳಿದುಕೊಂಡಿರಲಿಲ್ಲ. ಅದು ಆಗಲೇ ಹಲವರ ಕೈಗೆ ಹೋಗಿತ್ತು.

ಈ ಸಂಗತಿಯನ್ನು ಪಂಡಿತರು ನೆನಪಿಸಿದಾಗ ಕೋಣೆಯಲ್ಲಿ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ ಅವರೇ, “ಮಾಸ್ಟ್ರೇ, ನೀವು ಚೀಲದ ಒಳಗಿನದೆಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿದಿರಿ. ನಲವತ್ತು ಮಕ್ಕಳ ಬರಹದ ತೂಕ ಅದರಲ್ಲಿ ಸೇರಿತೇ?” ಎಂದು ಕೇಳಿದರು.

ಬರಹಕ್ಕೆ ತೂಕವಿಲ್ಲ. ಲ್ಯಾಪ್‌ಟಾಪಿನಲ್ಲಿ ನಲವತ್ತು ಕಥೆಗಳಿದ್ದರೂ ಅಷ್ಟೇ ಭಾರ, ಇಲ್ಲದಿದ್ದರೂ ಅಷ್ಟೇ ಭಾರ. ಆದರೆ ಯಂತ್ರ ಕೆಟ್ಟರೆ ಹಣ ಕೊಟ್ಟು ಇನ್ನೊಂದು ತರಬಹುದು. ಏಳನೆಯ ತರಗತಿಯ ಹುಡುಗಿಯೊಬ್ಬಳು ತೀರಿಕೊಂಡ ಅಜ್ಜಿಯ ಬಾಯಿಂದ ಕೇಳಿ ಬರೆದ ಒಗಟನ್ನು ಯಾವ ಅಂಗಡಿಯಿಂದಲೂ ತರಲಾಗದು. ಚೀಲ, ಒರೆ, ಪ್ಲಾಸ್ಟಿಕ್ಕು, ಬೈರಾಸು ಇವೆಲ್ಲ ಸೇರಿ ಯಂತ್ರವನ್ನು ಕಾಪಾಡಬಹುದು. ಬರಹವನ್ನು ಕಾಪಾಡುವುದು ಪ್ರತಿಯೊಂದೇ. ಸೈಕ್ಲೋಸ್ಟೈಲಿನಲ್ಲಿ ಪತ್ರಿಕೆ ತೆಗೆಯುವ ನಮ್ಮ ಸಂಘದವರಿಗೆ ಇದನ್ನು ಹೇಳಿಕೊಡಬೇಕಾದ್ದಿಲ್ಲ. ಒಂದು ಅಚ್ಚಿನಿಂದ ನೂರು ಮನೆಗೆ ಹೋದ ಪುಟ ಅಷ್ಟು ಸುಲಭವಾಗಿ ಅಳಿಯುವುದಿಲ್ಲವೆಂಬುದು ಅವರಿಗೆ ಗೊತ್ತು.

ಆದುದರಿಂದ ಪ್ರವಾಸಕ್ಕೆ ಲ್ಯಾಪ್‌ಟಾಪ್ ಒಯ್ಯುವ ಅಧ್ಯಾಪಕ ಮಿತ್ರರಿಗೂ, ನಾಳೆ ಒಯ್ಯಲಿರುವ ವಿದ್ಯಾರ್ಥಿಗಳಿಗೂ ನಮ್ಮ ವಿಜ್ಞಾಪನೆ ಇಷ್ಟು. ಹೊರಡುವ ಮುನ್ನ ಒಳಗಿರುವುದರ ಪ್ರತಿಗಳನ್ನು ಮಾಡಿ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಅಂಗಿಯ ಜೇಬಿನಲ್ಲಿರಲಿ, ಒಂದು ಮನೆಯಲ್ಲಿರಲಿ, ಒಂದು ದೂರದ ಗೆಳೆಯರ ಬಳಿಯಿರಲಿ. ಒಂದೇ ಮಳೆ ಮೂರನ್ನೂ ತೋಯಿಸದಂತೆ ನೋಡಿಕೊಳ್ಳಿ. ಅನಂತರ ಪೇಟೆಗೆ ಹೋಗಿ, ಹೆಗಲಿಗೆ ಹಿತವಾದ ಯಾವ ಚೀಲವನ್ನಾದರೂ ಕೊಳ್ಳಿ.